ಅರ್ಜಿ ನಮೂನೆಯೂ ಒಂದು ಸಾಕ್ಷ್ಯ

(ದೀರ್ಘಕಾಲದ ಕಾಯಿಲೆಯಿಂದ ಬಳಲುತ್ತಿರುವವರ ಕುಟುಂಬಗಳಿಗಾಗಿ ಏರ್ಪಡಿಸಲಾದ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ವೇದಿಕೆಗಳಲ್ಲಿ ಸಾಮಾನ್ಯವಾಗಿ ದೊಡ್ಡ ದೊಡ್ಡ ವಿಷಯಗಳು ಚರ್ಚೆಗೆ ಬರುತ್ತವೆ. ಶಿಕ್ಷಣ, ಮೀಸಲಾತಿ, ರಾಜಕೀಯ ಪ್ರಾತಿನಿಧ್ಯ ಇತ್ಯಾದಿ. ಇಂದು ನಾನು ಮಾತನಾಡಬೇಕಾಗಿರುವುದು ಕೇವಲ ಒಂದು ಅರ್ಜಿ ನಮೂನೆಯ ಕುರಿತು. ವರ್ಷಗಟ್ಟಲೆ ವಾಸಿಯಾಗದ ಕಾಯಿಲೆಯೊಂದಿಗೆ ಬದುಕುತ್ತಿರುವವರು ಸರಕಾರದಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನೂ ಮಾಸಾಶನವನ್ನೂ ಪಡೆಯಲು ಸಲ್ಲಿಸಬೇಕಾದ ಅರ್ಜಿ ಅದು. ನೋಡಲು ಸಣ್ಣ ವಿಷಯ. ಆದರೆ ಒಬ್ಬ ರೋಗಿಯ ಸುತ್ತ ಇಡೀ ಸಂಸಾರವೇ ಸುತ್ತುತ್ತಿರುವ ಮನೆಗಳಲ್ಲಿ, ಮದ್ದಿಗೆ ಹಣ ಹೊಂದಿಸುವುದೇ ತಿಂಗಳ ಮೊದಲ ಚಿಂತೆಯಾಗಿರುವ ಮನೆಗಳಲ್ಲಿ, ಈ ಕಾಗದದ ಬೆಲೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಹಾಗಿದ್ದೂ ಅರ್ಹರಾದ ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಹಾಕಿದವರಲ್ಲಿಯೂ ಅನೇಕರು ತಮಗೆ ಸಲ್ಲಬೇಕಾದುದಕ್ಕಿಂತ ಕಡಿಮೆ ಪಡೆದು ಹಿಂದಿರುಗುತ್ತಾರೆ. ಇದಕ್ಕೆ ಕಚೇರಿಗಳ ವಿಳಂಬವನ್ನೂ ವ್ಯವಸ್ಥೆಯ ಉದಾಸೀನವನ್ನೂ ದೂರಬಹುದು, ದೂರಲೇಬೇಕು. ಆದರೆ ನಮ್ಮ ಕಡೆಯಿಂದಲೂ ಎರಡು ತಡೆಗಳಿವೆ. ಒಂದು, ಕಾನೂನಿನ ಅರಿವಿಲ್ಲದಿರುವುದು. ಇನ್ನೊಂದು, ಕೇಳಿದಾಗಲೂ ನಿಜವನ್ನು ಪೂರ್ಣವಾಗಿ ಹೇಳದಿರುವುದು. ಎರಡನೆಯದೇ ಹೆಚ್ಚು ಗಂಭೀರವಾದುದು.

ಮೊದಲು ಕಾನೂನಿನ ವಿಷಯ. ‘ಅಂಗವೈಕಲ್ಯ’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕೈಯೋ ಕಾಲೋ ಊನವಾಗಿದ್ದರೆ, ಕಣ್ಣು ಕಾಣದಿದ್ದರೆ, ಕಿವಿ ಕೇಳದಿದ್ದರೆ ಮಾತ್ರ ಅದು ಅನ್ವಯಿಸುತ್ತದೆಂದು ಜನ ಭಾವಿಸುತ್ತಾರೆ. 1995ರ ಕಾಯ್ದೆಯಲ್ಲಿ ಕೇವಲ 7 ವಿಧದ ವೈಕಲ್ಯಗಳಿದ್ದವು. ಆ ಪಟ್ಟಿಯಲ್ಲೂ ಮಾನಸಿಕ ಕಾಯಿಲೆ ಇತ್ತು ಎಂಬುದು ಅನೇಕರಿಗೆ ಗೊತ್ತಿರಲಿಲ್ಲ. ಅದರ ಸ್ಥಾನದಲ್ಲಿ ಬಂದ, 2017ರ ಏಪ್ರಿಲ್ 19ರಂದು ಜಾರಿಗೊಂಡ ‘ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ-2016’ ಈ ಸಂಖ್ಯೆಯನ್ನು 21ಕ್ಕೆ ಏರಿಸಿತು. ಥಲಸ್ಸೇಮಿಯಾ, ಹಿಮೋಫಿಲಿಯಾ ಮತ್ತು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳು, ಪಾರ್ಕಿನ್ಸನ್ ಹಾಗೂ ಮಲ್ಟಿಪಲ್ ಸ್ಕ್ಲೆರೋಸಿಸ್‌ನಂತಹ ನರಸಂಬಂಧಿ ಕಾಯಿಲೆಗಳು, ಸ್ನಾಯುಗಳು ಕ್ರಮೇಣ ಕ್ಷಯಿಸುವ ಮಸ್ಕ್ಯುಲರ್ ಡಿಸ್ಟ್ರೊಫಿ ಇವೆಲ್ಲವೂ ಈಗ ಪಟ್ಟಿಯಲ್ಲಿವೆ. ದೀರ್ಘಕಾಲದ ನ್ಯೂನತೆಯೊಂದು ಸುತ್ತಲಿನ ಅಡೆತಡೆಗಳೊಂದಿಗೆ ಸೇರಿ, ಇತರರಂತೆ ಸಮಾಜದಲ್ಲಿ ಪಾಲ್ಗೊಳ್ಳದಂತೆ ತಡೆಯುತ್ತಿದ್ದರೆ ಅಂಥವರು ವಿಕಲಚೇತನರು ಎಂಬುದು ಈ ಕಾಯ್ದೆಯ ದೃಷ್ಟಿ. ಅಂದರೆ ಕಾಯಿಲೆಯ ಹೆಸರಷ್ಟೇ ಇಲ್ಲಿ ಸಾಲದು. ಅದು ರೋಗಿಯ ಬದುಕಿನಲ್ಲಿ ಏನನ್ನು ತಡೆದಿದೆ ಎಂಬುದೂ ತಿಳಿಯಬೇಕು.

ಪಟ್ಟಿಯಲ್ಲಿ ಇಲ್ಲದವುಗಳನ್ನೂ ಹೇಳಿಬಿಡುತ್ತೇನೆ. ಸುಳ್ಳು ಆಸೆ ಹುಟ್ಟಿಸಿ ಕಳುಹಿಸುವುದು ಸರಿಯಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ವೈಫಲ್ಯ ಮತ್ತು ಕ್ಯಾನ್ಸರ್ ಆ ಹೆಸರುಗಳಿಂದ ಅಲ್ಲಿ ಇಲ್ಲ. ಸಕ್ಕರೆ ಕಾಯಿಲೆಯಿಂದ ಕಾಲನ್ನು ಕತ್ತರಿಸಬೇಕಾಗಿ ಬಂದಿದ್ದರೆ ಅಥವಾ ದೃಷ್ಟಿ ಕುಂದಿದ್ದರೆ, ಚಲನ ವೈಕಲ್ಯ ಅಥವಾ ದೃಷ್ಟಿದೋಷದ ಅಡಿಯಲ್ಲಿ ಅರ್ಜಿ ಹಾಕಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಿಗೆ ಬೇರೆ ಬಾಗಿಲುಗಳಿವೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಂತೆ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ವ್ಯವಸ್ಥೆಯಿದೆ. ಚಿಕಿತ್ಸೆಗಾಗಿ ಪ್ರಯಾಣಿಸುವಾಗ ರೈಲು ದರದಲ್ಲಿ ರಿಯಾಯಿತಿಯೂ ಇದೆ. ತಪ್ಪು ಬಾಗಿಲಿನ ಮುಂದೆ ವರ್ಷಗಟ್ಟಲೆ ನಿಲ್ಲುವುದಕ್ಕಿಂತ ಸರಿಯಾದ ಬಾಗಿಲು ಯಾವುದೆಂದು ಮೊದಲೇ ವಿಚಾರಿಸುವುದು ಲೇಸು.

ಇನ್ನು ಅರ್ಜಿಯ ಕ್ರಮ. 2021ರ ಜೂನ್ 1ರಿಂದ ದೇಶದಾದ್ಯಂತ ಅಂಗವೈಕಲ್ಯ ಪ್ರಮಾಣಪತ್ರವನ್ನು ಯುಡಿಐಡಿ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ನೀಡಲಾಗುತ್ತಿದೆ. ಅರ್ಜಿ ಸಲ್ಲಿಸಿದ ಬಳಿಕ ನಿಗದಿತ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯಕೀಯ ಪ್ರಾಧಿಕಾರದ ಮುಂದೆ ತಪಾಸಣೆ ನಡೆಯುತ್ತದೆ. ವೈದ್ಯರು ವೈಕಲ್ಯದ ಪ್ರಮಾಣವನ್ನು ಶೇಕಡಾ ಇಷ್ಟು ಎಂದು ನಿರ್ಧರಿಸುತ್ತಾರೆ. ಈ ಶೇಕಡಾವಾರು ಸಂಖ್ಯೆಯೇ ಎಲ್ಲಕ್ಕೂ ಆಧಾರ. ಶೇ. 40 ಮತ್ತು ಅದಕ್ಕಿಂತ ಹೆಚ್ಚು ವೈಕಲ್ಯವಿದ್ದವರಿಗೆ ಕಾನೂನಿನ ಮುಖ್ಯ ಸೌಲಭ್ಯಗಳು ದೊರೆಯುತ್ತವೆ. ಅಂತಹ ಮಕ್ಕಳಿಗೆ ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದ ಮೀಸಲಾತಿಯಿದೆ. ಕರ್ನಾಟಕದ ಮಾಸಾಶನಕ್ಕೂ ಕನಿಷ್ಠ ಶೇ. 40 ಇರಬೇಕು, ಅದರ ಅರ್ಜಿ ಆದಾಯ ಪ್ರಮಾಣಪತ್ರದೊಂದಿಗೆ ನಾಡಕಚೇರಿಯ ಮೂಲಕ ಹೋಗುತ್ತದೆ. 2009ರಲ್ಲಿ ಆರಂಭವಾದ ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಗಾದರೆ ಬಡತನ ರೇಖೆಗಿಂತ ಕೆಳಗಿರುವುದರ ಜೊತೆಗೆ ಶೇ. 80 ವೈಕಲ್ಯವಿರಬೇಕು. 2012ರಲ್ಲಿ ಅದರ ಕೇಂದ್ರದ ಪಾಲನ್ನು ತಿಂಗಳಿಗೆ 300 ರೂಪಾಯಿಗೆ ಏರಿಸಲಾಯಿತು. ಹತ್ತು ವರ್ಷ ಕಳೆದ ಮೇಲೂ ಅದು ಅಷ್ಟರಲ್ಲೇ ನಿಂತಿತ್ತು. ಈ ನಡುವೆ ಔಷಧಗಳ ಬೆಲೆ ಎಲ್ಲಿಗೆ ಹೋಯಿತೆಂದು ಆಳುವವರು ಯೋಚಿಸಬೇಕಾಗಿತ್ತು.

ಈಗ ಎರಡನೆಯ ತಡೆಗೆ ಬರುತ್ತೇನೆ. ವೈದ್ಯರು ‘ಹೇಗಿದ್ದೀರಿ?’ ಎಂದು ಕೇಳಿದಾಗ ನಮ್ಮ ಬಾಯಿಂದ ಮೊದಲು ಬರುವ ಉತ್ತರ ‘ಅಲ್‌ಹಮ್ದುಲಿಲ್ಲಾಹ್, ಚೆನ್ನಾಗಿದ್ದೇನೆ’. ಇದು ನಮ್ಮ ಸಂಸ್ಕಾರ. ಇದು ಉಳಿಯಬೇಕಾದುದೂ ಹೌದು. ಆದರೆ ಅದು ಅಲ್ಲಾಹನಿಗೆ ಸಲ್ಲಿಸುವ ಕೃತಜ್ಞತೆಯೇ ಹೊರತು ಆರೋಗ್ಯದ ವರದಿಯಲ್ಲ. ತಪಾಸಣೆಯ ಕೊಠಡಿಯಲ್ಲಿ ಅದೇ ಮಾತು ‘ರೋಗಿಗೆ ವಿಶೇಷ ತೊಂದರೆಯಿಲ್ಲ’ ಎಂದು ದಾಖಲಾಗುವ ಸಂಭವವಿದೆ. ಹತ್ತು ವರ್ಷದ ಸಂಕಟ ಒಂದು ಸೌಜನ್ಯದ ಮಾತಿನಲ್ಲಿ ಅಳಿಸಿಹೋಗುತ್ತದೆ.

ಕಷ್ಟವನ್ನು ಹೇಳಿಕೊಳ್ಳುವುದು ಸಹನೆಗೆ ವಿರುದ್ಧವೆಂದು ಕೆಲವರು ನಂಬಿದ್ದಾರೆ. ದೀರ್ಘ ಕಾಯಿಲೆಯ ಪ್ರಸ್ತಾಪ ಬಂದಾಗಲೆಲ್ಲ ನಾವು ಪ್ರವಾದಿ ಅಯ್ಯೂಬ್(ಅ)ರನ್ನು ನೆನೆಯುತ್ತೇವೆ. ಅವರು ತಮಗೆ ಕಷ್ಟ ತಟ್ಟಿದೆಯೆಂದು ಬಾಯಿಬಿಟ್ಟು ಹೇಳಿಕೊಂಡವರೇ. ಹಾಗಿದ್ದೂ ಪವಿತ್ರ ಕುರ್‌ಆನ್ ಅವರನ್ನು ಸಹನಶೀಲರೆಂದೇ ಪ್ರಶಂಸಿಸಿದೆ. ‘ಅವರು ಹೇಳಿಕೊಂಡದ್ದು ಅಲ್ಲಾಹನಲ್ಲಿ, ಅಧಿಕಾರಿಗಳಲ್ಲಿ ಅಲ್ಲವಲ್ಲ?’ ಎಂದು ನೀವು ಕೇಳಬಹುದು. ಸರಿ. ಆದರೆ ಚಿಕಿತ್ಸೆ ಪಡೆಯಿರೆಂದು ಕಲಿಸಿದ ಧರ್ಮ ನಮ್ಮದು. ರೋಗಲಕ್ಷಣವನ್ನು ಮುಚ್ಚಿಟ್ಟು ಚಿಕಿತ್ಸೆ ಪಡೆಯಲು ಸಾಧ್ಯವೇ? ವೈದ್ಯರ ಮುಂದೆ ಇದ್ದುದನ್ನು ಇದ್ದಂತೆ ಹೇಳುವುದನ್ನು ಯಾರೂ ಅಸಹನೆಯೆಂದು ಕರೆದಿಲ್ಲ.

ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ರೋಗಿಯ ಆರಾಧನೆಯ ಕುರಿತು ಪ್ರತ್ಯೇಕ ಅಧ್ಯಾಯಗಳಿವೆ. ನಿಂತು ನಮಾಝ್ ಮಾಡಲಾಗದವರು ಕುಳಿತು ಮಾಡಬಹುದು. ಕುಳಿತುಕೊಳ್ಳಲೂ ಆಗದವರು ಮಲಗಿ ಮಾಡಬಹುದು. ನೀರು ತಾಗಿದರೆ ಹಾನಿಯಾಗುವವರಿಗೆ ತಯಮ್ಮುಮ್ ಇದೆ. ಉಪವಾಸ ಹಿಡಿಯಲಾಗದ ರೋಗಿಗೆ ವಿನಾಯಿತಿಯಿದೆ. ಇದನ್ನೇ ‘ಉಝ್ರ್’ ಎನ್ನುತ್ತೇವೆ. ಅಲ್ಲಿ ನಾವು ನಮ್ಮ ಅಸಾಮರ್ಥ್ಯವನ್ನು ಅಳತೆ ಮಾಡಿ ಒಪ್ಪಿಕೊಳ್ಳುತ್ತೇವೆ. ಅದರಲ್ಲಿ ಯಾರಿಗೂ ನಾಚಿಕೆಯಿಲ್ಲ. ವೈದ್ಯಕೀಯ ಪ್ರಾಧಿಕಾರ ಕೇಳುವುದೂ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು: ನಿಮಗೆ ಏನು ಸಾಧ್ಯ, ಏನು ಅಸಾಧ್ಯ? ಅಪ್ಪ ಯಾವ ವರ್ಷದಿಂದ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡತೊಡಗಿದರು, ಯಾವಾಗಿನಿಂದ ಜುಮಾಕ್ಕೆ ಹೋಗುವುದನ್ನು ಬಿಟ್ಟರು, ವುಝೂ ಮಾಡುವಾಗ ಕಾಲಿಗೆ ನೀರು ಹಾಕಲು ಯಾರು ಬಗ್ಗುತ್ತಾರೆ ಎಂಬುದೆಲ್ಲ ಮನೆಯವರಿಗೆ ಗೊತ್ತಿದೆ. ದಿನಕ್ಕೆ ಐದು ಬಾರಿ ಮನೆಯಲ್ಲೇ ನಡೆಯುತ್ತಿರುವ ಈ ಅಳತೆಯನ್ನು ಆಸ್ಪತ್ರೆಯಲ್ಲಿ ಹೇಳಲು ಏಕೆ ಹಿಂಜರಿಯಬೇಕು?

ಮತ್ತೊಂದು ಹಿಂಜರಿಕೆ ಸ್ವಾಭಿಮಾನದ್ದು. ‘ನಮ್ಮ ಮನೆತನದವರು ಯಾರ ಮುಂದೆಯೂ ಕೈಚಾಚಿದವರಲ್ಲ’ ಎನ್ನುತ್ತಾರೆ. ಭಿಕ್ಷಾಟನೆಯನ್ನು ಪ್ರವಾದಿ(ಸ)ಯವರು ನಿರುತ್ಸಾಹಗೊಳಿಸಿದ್ದು ನಿಜ. ಆದರೆ ಇದು ಭಿಕ್ಷೆಯೇ? ಅನಾರೋಗ್ಯ ಮತ್ತು ಅಂಗವೈಕಲ್ಯದ ಸಂದರ್ಭದಲ್ಲಿ ನಾಗರಿಕರಿಗೆ ಸಾರ್ವಜನಿಕ ನೆರವು ನೀಡಬೇಕೆಂಬ ನಿರ್ದೇಶನ ಸಂವಿಧಾನದ 41ನೇ ವಿಧಿಯಲ್ಲಿದೆ. ವಿಕಲಚೇತನರಿಗೆ ಸಾಮಾಜಿಕ ಭದ್ರತಾ ಯೋಜನೆಗಳಡಿ ಇತರರಿಗಿಂತ ಕನಿಷ್ಠ ಶೇ. 25ರಷ್ಟು ಹೆಚ್ಚು ನೆರವು ಕೊಡಬೇಕೆಂದು 2016ರ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಒಂದು ಸಾಬೂನು ಕೊಂಡಾಗಲೂ ತೆರಿಗೆ ಕಟ್ಟುವ ಬಡವನಿಗೆ ಇದು ಹಕ್ಕಿನ ಹಣ. ರಮಝಾನ್ ಬಂದಾಗ ಝಕಾತ್‌ಗಾಗಿ ಅದೇ ರೋಗಿಯ ಮನೆಯವರು ಮನೆ ಮನೆಯ ಬಾಗಿಲಿಗೆ ಹೋಗುವುದನ್ನು ನೋಡಿಯೂ ಸುಮ್ಮನಿರುವ ನಾವು, ಹಕ್ಕಿನ ಅರ್ಜಿಯನ್ನು ಅವಮಾನವೆಂದು ಭಾವಿಸುವುದು ವಿಚಿತ್ರವಲ್ಲವೇ?

ದೀರ್ಘ ಕಾಯಿಲೆಗಳ ಇನ್ನೊಂದು ಕಷ್ಟವೆಂದರೆ ಅವು ಪ್ರತಿದಿನವೂ ಒಂದೇ ರೀತಿ ಇರುವುದಿಲ್ಲ. ಥಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕಾಗುತ್ತದೆ. ರಕ್ತ ಪಡೆದ ಮರುದಿನ ಅದು ಎಲ್ಲ ಮಕ್ಕಳಂತೆ ಓಡಾಡುತ್ತದೆ. ಮುಂದಿನ ರಕ್ತದ ದಿನ ಸಮೀಪಿಸಿದಂತೆ ಮುಖ ಬಿಳಿಚಿಕೊಂಡು, ಮೆಟ್ಟಿಲು ಹತ್ತಲೂ ಏದುಸಿರು ಬಿಡುತ್ತದೆ. ಪದೇ ಪದೇ ಪಡೆದ ರಕ್ತದಿಂದ ದೇಹದಲ್ಲಿ ಕಬ್ಬಿಣದ ಅಂಶ ಶೇಖರವಾಗಿ ಹೃದಯಕ್ಕೂ ಯಕೃತ್ತಿಗೂ ಹಾನಿಯಾಗುತ್ತದೆ. ಅದಕ್ಕೆ ಬೇರೆಯೇ ಔಷಧ ಬೇಕು. ಪಾರ್ಕಿನ್ಸನ್ ರೋಗಿಯಂತೂ ಮಾತ್ರೆಯ ಪ್ರಭಾವವಿರುವಾಗ ತಾನೇ ನಡೆಯುತ್ತಾನೆ, ಪ್ರಭಾವ ಇಳಿದಾಗ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕು. ವೈದ್ಯರು ನೋಡುವುದು ಹತ್ತು ನಿಮಿಷ. ಆ ಹತ್ತು ನಿಮಿಷ ಒಳ್ಳೆಯ ಹೊತ್ತಾಗಿದ್ದರೆ? ಕೆಟ್ಟ ಹೊತ್ತಿನ ವಿವರವನ್ನು ನೀವು ಹೇಳದೆ ಅವರಿಗೆ ತಿಳಿಯುವುದು ಹೇಗೆ?

ಮಾನಸಿಕ ಕಾಯಿಲೆಯ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಅದರ ವೈಕಲ್ಯವನ್ನು ಅಳೆಯಲು ಭಾರತೀಯ ಮನೋವೈದ್ಯರ ಸಂಘ ರೂಪಿಸಿದ ‘ಐಡಿಯಾಸ್’ ಎಂಬ ಮಾಪನವನ್ನು ಬಳಸುತ್ತಾರೆ. ಸ್ವಂತ ಶುಚಿತ್ವ ಮತ್ತು ಆರೈಕೆ, ಇತರರೊಂದಿಗಿನ ಸಂಬಂಧ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಭಾಗಗಳಿಗೆ ತಲಾ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ 4ರವರೆಗೆ ಅಂಕಗಳಿವೆ. ಒಟ್ಟು 20ರಲ್ಲಿ 7 ಅಂಕ ಬಂದರೆ ವೈಕಲ್ಯ ಶೇ. 40ಕ್ಕೆ ತಲಪುತ್ತದೆ. ‘ಮಗ ಸ್ನಾನ ಮಾಡುತ್ತಾನೆಯೇ?’ ಎಂದು ಕೇಳಿದರೆ ತಾಯಿ ‘ಮಾಡುತ್ತಾನೆ’ ಎಂದುಬಿಡುತ್ತಾಳೆ. ಅವನನ್ನು ಐದು ಬಾರಿ ಎಬ್ಬಿಸಿದ್ದು, ನೀರು ತುಂಬಿಟ್ಟದ್ದು, ಬಟ್ಟೆ ಕೈಗೆ ಕೊಟ್ಟದ್ದು, ಬಾಗಿಲ ಹೊರಗೆ ನಿಂತು ‘ತಲೆಗೂ ಹಾಕಿಕೋ’ ಎಂದು ಕೂಗಿದ್ದು ಯಾವುದನ್ನೂ ಅವಳು ಹೇಳುವುದಿಲ್ಲ. ವರ್ಷಗಳ ಅಭ್ಯಾಸದಿಂದ ಅದು ಅವಳಿಗೆ ಕೆಲಸವೆಂದೇ ತೋರುವುದಿಲ್ಲ. ಒಂದೆರಡು ಅಂಕ ಅಲ್ಲಿಯೇ ಕಳೆದುಹೋಗುತ್ತದೆ.

ಈ ವಿಷಯದಲ್ಲಿ ಬೇರೆ ದೇಶದ ಒಂದು ನಿಯಮದಿಂದ ನಾವು ಕಲಿಯಬಹುದಾದುದಿದೆ. ಬ್ರಿಟನ್ನಿನಲ್ಲಿ 2013ರಲ್ಲಿ ‘ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್’ ಎಂಬ ನೆರವು ಜಾರಿಗೆ ಬಂತು. ಅದರ ನಿಯಮಗಳ ಪ್ರಕಾರ, ಒಂದು ಕೆಲಸವನ್ನು ವ್ಯಕ್ತಿಯು ಸುರಕ್ಷಿತವಾಗಿ, ಒಪ್ಪತಕ್ಕ ರೀತಿಯಲ್ಲಿ, ಅಗತ್ಯವಿದ್ದಷ್ಟು ಸಲ, ಸಮಂಜಸವಾದ ಸಮಯದೊಳಗೆ ಮಾಡಬಲ್ಲನೇ ಎಂದು ನೋಡಬೇಕು. ಹೇಗೋ ಒಂದು ಸಲ ಮಾಡಿ ಮುಗಿಸಿದರೆ ‘ಮಾಡಬಲ್ಲ’ ಎಂದಾಗುವುದಿಲ್ಲ. ನಮ್ಮ ಕಾನೂನಿನಲ್ಲಿ ಈ ಮಾತುಗಳಿಲ್ಲ. ಆದರೂ ನಮ್ಮ ರೋಗಿಯ ಸ್ಥಿತಿಯನ್ನು ವಿವರಿಸುವಾಗ ಈ ನಾಲ್ಕು ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಳ್ಳುವುದರಿಂದ ವಿವರಣೆ ಸ್ಪಷ್ಟವಾಗುತ್ತದೆ. ಅಡುಗೆ ಮಾಡುತ್ತಾಳೆ, ನಿಜ. ಆದರೆ ಕೈ ನಡುಗಿ ಕುದಿನೀರು ಮೈಮೇಲೆ ಚೆಲ್ಲಿಕೊಂಡದ್ದು ಎಷ್ಟು ಬಾರಿ?

ಆದ್ದರಿಂದ ನನ್ನ ಸಲಹೆ ಇಷ್ಟೇ. ತಪಾಸಣೆಗೆ ಒಂದು ತಿಂಗಳು ಮುಂಚಿನಿಂದ ಒಂದು ನೋಟ್ ಪುಸ್ತಕದಲ್ಲಿ ದಿನಕ್ಕೆ ಎರಡು ಸಾಲು ಬರೆದಿಡಿ. ಇಂದು ಏನಾಯಿತು, ಯಾರು ಸಹಾಯ ಮಾಡಬೇಕಾಯಿತು, ರಾತ್ರಿ ಎಷ್ಟು ಬಾರಿ ಏಳಬೇಕಾಯಿತು, ಯಾವ ಮಾತ್ರೆಯಿಂದ ಏನು ತೊಂದರೆಯಾಯಿತು. ‘ನಡೆಯಲು ಕಷ್ಟ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಮನೆಯಿಂದ ಮಸೀದಿಗೆ ಹೋಗುವಾಗ ಎರಡು ಕಡೆ ಕುಳಿತುಕೊಳ್ಳಬೇಕಾಗುತ್ತದೆ, ಈ ತಿಂಗಳಲ್ಲಿ ಮೂರು ಬಾರಿ ಬಿದ್ದಿದ್ದಾರೆ’ ಎಂದರೆ ತಿಳಿಯುತ್ತದೆ. ಆನ್‌ಲೈನ್ ಅರ್ಜಿಯಲ್ಲಿ ಇದನ್ನೆಲ್ಲ ಬರೆಯಲು ಜಾಗವಿರುವುದಿಲ್ಲ. ಒಂದು ಪುಟದಲ್ಲಿ ಕ್ರಮವಾಗಿ ಬರೆದು, ಹಳೆಯ ಚೀಟಿಗಳನ್ನೂ ಪರೀಕ್ಷಾ ವರದಿಗಳನ್ನೂ ದಿನಾಂಕದಂತೆ ಜೋಡಿಸಿ ವೈದ್ಯರ ಕೈಗೆ ಕೊಡಿ. ಒಳ್ಳೆಯ ದಿನಗಳನ್ನೂ ಬರೆಯಿರಿ. ತಿಂಗಳಲ್ಲಿ ಎಷ್ಟು ಒಳ್ಳೆಯವು, ಎಷ್ಟು ಕೆಟ್ಟವು ಎಂಬುದು ಅವರಿಗೆ ಕಾಣಲಿ.

ರೋಗಿಯ ಜೊತೆಗೆ ಯಾರು ಹೋಗಬೇಕು? ಸಾಮಾನ್ಯವಾಗಿ ಮನೆಯ ಗಂಡಸರು ಹೋಗುತ್ತಾರೆ. ಆದರೆ ರಾತ್ರಿ ಎದ್ದು ನೀರು ಕೊಟ್ಟವಳು, ಹಾಸಿಗೆ ಬದಲಿಸಿದವಳು, ಮಾತ್ರೆಯ ಹೊತ್ತು ನೆನಪಿಟ್ಟವಳು ಹೆಂಡತಿ ಅಥವಾ ತಾಯಿ ಅಥವಾ ಸೊಸೆ. ಅವಳನ್ನು ಕರೆದೊಯ್ಯಿರಿ, ಅವಳೇ ಮಾತನಾಡಲಿ. ರೋಗಿ ಹೆಣ್ಣಾಗಿದ್ದರೆ ಅನ್ಯಾಯ ಇನ್ನೂ ದೊಡ್ಡದು. ಅವಳ ಕಾಯಿಲೆಯನ್ನು ಗುರುತಿಸುವಷ್ಟರಲ್ಲೇ ವರ್ಷಗಳು ಕಳೆದಿರುತ್ತವೆ. ಪ್ರಮಾಣಪತ್ರ ಮಾಡಿಸಿದರೆ ಮಗಳ ಮದುವೆಗೆ ಅಡ್ಡಿಯಾದೀತೆಂದು ಮನೆಯವರು ಮುಚ್ಚಿಡುತ್ತಾರೆ. ಮಾನಸಿಕ ಕಾಯಿಲೆಯಾದರಂತೂ ಮಾಟ, ಗಾಳಿ ಎಂದು ಹೇಳಿ ಆಸ್ಪತ್ರೆಯ ದಾರಿಯನ್ನೇ ಮರೆಸುವವರಿದ್ದಾರೆ. ರೋಗಿಯ ವೈದ್ಯಕೀಯ ಮಾಹಿತಿಯ ಗೌಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಹಕ್ಕೆಂದು ಮಾನ್ಯ ಮಾಡಿದೆ. ತಾಯಿಗೆ ಚಿಕಿತ್ಸೆ ಕೊಡಿಸಿದ ಮನೆಯ ಮಗಳನ್ನು ಬೇಡವೆನ್ನುವ ಸಂಬಂಧ ನಾಳೆ ಆ ಮಗಳೇ ಕಾಯಿಲೆ ಬಿದ್ದಾಗ ಅವಳನ್ನು ಹೇಗೆ ನೋಡಿಕೊಂಡೀತು? ಹೆತ್ತವರು ಇದನ್ನು ಯೋಚಿಸಬೇಕು.

ಕಡಿಮೆ ಹೇಳಬಾರದು ಎಂದೆ. ಹೆಚ್ಚು ಹೇಳುವುದೂ ಅಷ್ಟೇ ತಪ್ಪು. ‘ಇಷ್ಟು ಕೊಡಿ, ಶೇ. 75 ಮಾಡಿಸಿಕೊಡುತ್ತೇವೆ’ ಎನ್ನುವ ದಲ್ಲಾಳಿಗಳ ಮಾತಿಗೆ ಬಲಿಯಾಗಬೇಡಿ. ಮೋಸದಿಂದ ಈ ಸೌಲಭ್ಯಗಳನ್ನು ಪಡೆಯುವವರಿಗೆ ಮತ್ತು ಪಡೆಯಲು ಯತ್ನಿಸುವವರಿಗೆ 91ನೇ ಸೆಕ್ಷನ್ ಪ್ರಕಾರ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನಿನ ಭಯಕ್ಕಿಂತ ಮಿಗಿಲಾದ ಕಾರಣವೂ ಇದೆ. ಒಬ್ಬನ ಸುಳ್ಳು ಅರ್ಜಿ ಮುಂದೆ ಬರುವ ಹತ್ತು ನಿಜವಾದ ರೋಗಿಗಳನ್ನು ಸಂಶಯದಿಂದ ನೋಡುವಂತೆ ಮಾಡುತ್ತದೆ. ಅರ್ಜಿಗೆ ಸಹಿ ಹಾಕುವಾಗ ನಾವು ಸಾಕ್ಷ್ಯ ನುಡಿಯುತ್ತಿದ್ದೇವೆ. ಸಾಕ್ಷ್ಯಕ್ಕೆ ಏನನ್ನೂ ಸೇರಿಸುವಂತಿಲ್ಲ; ಹಾಗೆಯೇ ಗೊತ್ತಿರುವ ಸಾಕ್ಷ್ಯವನ್ನು ಅಡಗಿಸುವುದಕ್ಕೂ ಇಸ್ಲಾಮಿನಲ್ಲಿ ಅನುಮತಿಯಿಲ್ಲ.

ಅರ್ಜಿ ತಿರಸ್ಕೃತವಾದರೆ ಮೌನವಾಗಿ ಮನೆಗೆ ಬರಬೇಡಿ. ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೊಡಬೇಕೆಂದು ನಿಯಮವಿದೆ. ಅದನ್ನು ಕೇಳಿ ಪಡೆಯಿರಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ 59ನೇ ಸೆಕ್ಷನ್ ಅಡಿಯಲ್ಲಿ ಮೇಲ್ಮನವಿ ಸಲ್ಲಿಸುವ ಅವಕಾಶವಿದೆ. ಮೊದಲು ಒಂದು ತಿಂಗಳಿದ್ದ ಪ್ರಮಾಣಪತ್ರದ ಅವಧಿಯನ್ನು 2024ರ ತಿದ್ದುಪಡಿ ನಿಯಮಗಳು ಮೂರು ತಿಂಗಳಿಗೆ ವಿಸ್ತರಿಸಿವೆ. ಅದನ್ನು ಮೀರಿದರೆ ವಿಚಾರಿಸಿ. ಸ್ಥಿತಿ ಬದಲಾಗಬಹುದಾದ ಕಾಯಿಲೆಗಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಅವಧಿ ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅವಧಿ ಮುಗಿದುದು ಗೊತ್ತಾಗದೆ ಮಾಸಾಶನ ನಿಂತುಹೋಗುವುದುಂಟು.

ಕೊನೆಯದಾಗಿ ಜಮಾಅತ್‌ಗಳ ಹೊಣೆಗಾರರಲ್ಲಿ ಒಂದು ವಿನಂತಿ. 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಪಟ್ಟಿ 21ಕ್ಕೆ ಏರುವ ಮೊದಲಿನ ಲೆಕ್ಕ ಅದು. ನಮ್ಮ ಮೊಹಲ್ಲಾದಲ್ಲಿ ಅಂಥವರು ಎಷ್ಟು ಮಂದಿ? ಝಕಾತ್ ಹಂಚಲು ಬಡವರ ಪಟ್ಟಿ ನಮ್ಮಲ್ಲಿದೆ. ದೀರ್ಘಕಾಲದ ರೋಗಿಗಳ ಪಟ್ಟಿ ಇದೆಯೇ? ತಿಂಗಳಿಗೆ ಒಂದು ಶುಕ್ರವಾರ ಜುಮಾ ಬಳಿಕ ಮಸೀದಿಯ ಅಂಗಳದಲ್ಲಿ ಒಂದು ಮೇಜು ಹಾಕಿ. ಕಾಲೇಜು ಕಲಿತ ಇಬ್ಬರು ಯುವಕರೂ, ಸ್ತ್ರೀಯರೊಂದಿಗೆ ಮಾತನಾಡಲು ಇಬ್ಬರು ಯುವತಿಯರೂ ಅಲ್ಲಿರಲಿ. ತಾಲೂಕು ಪಂಚಾಯತ್‌ನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಗ್ರಾಮ ಪಂಚಾಯತ್ ಮತ್ತು ನಗರಗಳಲ್ಲಿ ಪುನರ್ವಸತಿ ಕಾರ್ಯಕರ್ತರು ಇದೇ ಕೆಲಸಕ್ಕೆಂದು ಇದ್ದಾರೆ. ಅವರನ್ನು ಕರೆಸಿ. ಯಾವ ಧರ್ಮದ ರೋಗಿ ಬಂದರೂ ಆ ಮೇಜಿನ ಮುಂದೆ ಕುರ್ಚಿ ಇರಲಿ.

ಇಂದು ಇಲ್ಲಿಗೆ ಬಂದಿರುವವರು ಊಟದ ಬಳಿಕ ಚದುರಿ ಹೋಗಬೇಡಿ. ಆಧಾರ್, ಭಾವಚಿತ್ರ ಮತ್ತು ಆಸ್ಪತ್ರೆಯ ಕಾಗದಗಳನ್ನು ತಂದವರ ಅರ್ಜಿಗಳನ್ನು ಇಂದೇ ಸಲ್ಲಿಸೋಣ. ತರದವರು ಒಂದು ನೋಟ್ ಪುಸ್ತಕ ಪಡೆದುಕೊಂಡು, ಇಂದು ರಾತ್ರಿಯಿಂದಲೇ ಆ ಎರಡು ಸಾಲುಗಳನ್ನು ಬರೆಯಲು ಆರಂಭಿಸಿ. ನಮ್ಮ ರೋಗಿಗಳಿಗೆ ಅಲ್ಲಾಹನು ಶಮನ ನೀಡಲಿ, ಅವರನ್ನು ನೋಡಿಕೊಳ್ಳುತ್ತಿರುವವರಿಗೆ ಶಕ್ತಿ ನೀಡಲಿ.